ಅರ್ಧ ಟ್ಯಾಂಕ್ ಇ85 ಮತ್ತು ಉಸಿರು ಕಟ್ಟಿದ ಪಂಪು

ಹೈವೇಗೆ ಹತ್ತುವ ರ‍್ಯಾಂಪ್, ಮೂರನೇ ಗೇರ್, ಆಕ್ಸಿಲರೇಟರ್ ಪೂರ್ತಿ ಕೆಳಗೆ. 5,000 ಆರ್‌ಪಿಎಂ ತನಕ ಕಾರು ಚೆನ್ನಾಗಿ ಎಳೆಯಿತು. ಆಮೇಲೆ ಯಾರೋ ಹಿಂದಿನಿಂದ ಹಗ್ಗ ಜಗ್ಗಿದ ಹಾಗೆ ಸೊರಗಿತು. ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತಿತು. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಹೆಂಡತಿ, "ರೀ, ಈ ಕೆಂಪು ಗೆರೆ ಪೂರ್ತಿ ಕೆಳಗೆ ಬಿತ್ತು, ಬೀಳಬೇಕಾ?" ಅಂದಳು.

ಬೀಳಬಾರದು. ಅದು ಇಂಜೆಕ್ಟರುಗಳಿಗೆ ಇಂಧನ ಹಂಚುವ ರೇಲಿನ ಒತ್ತಡ. ಇಂಜಿನ್ ಕಂಪ್ಯೂಟರ್ ಕೇಳುತ್ತಿದ್ದದ್ದು 200 ಬಾರ್, ಸಿಗುತ್ತಿದ್ದದ್ದು 118. ದೋಷದ ಕೋಡ್ ಪಿ0087. ರೇಲಿನಲ್ಲಿ ಒತ್ತಡ ಕಮ್ಮಿ ಅಂತ ಅರ್ಥ.

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಸುತ್ತ ಎಲ್ಲಿ ನೋಡಿದರೂ ಮುಸುಕಿನ ಜೋಳ. ಅದರಿಂದ ಮಾಡಿದ ಎಥನಾಲ್ ಇಲ್ಲಿ ಎಷ್ಟೋ ಬಂಕ್‌ಗಳಲ್ಲಿ ಪೆಟ್ರೋಲಿನ ಜೊತೆ ಬೆರೆತು ಇ85 ಅಂತ ಸಿಗುತ್ತದೆ. ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ, ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಕುಡಿದು. ಕಾಕಂಬಿಯಿಂದಲೂ ಎಥನಾಲ್ ಆಗುತ್ತದಲ್ಲ, ಹಾಗಾಗಿ ಈ ಇಂಧನದ ಮೇಲೆ ಮೊದಲಿಂದಲೂ ಒಂದು ಮಮತೆ. ಕಾರು ಹಳೆಯದು, 2 ಲೀಟರಿನ ಟರ್ಬೊ, ಡೈರೆಕ್ಟ್ ಇಂಜೆಕ್ಷನ್, ಅಂದರೆ ಇಂಧನವನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವಂಥದ್ದು. ಶೇ. 30 ಎಥನಾಲ್‌ಗೆ ಹೊಂದುವ ಟ್ಯೂನ್, ಅಂದರೆ ಇಂಜಿನ್ ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್, ಹಾಕಿಸಿದ್ದೆ. ಎಥನಾಲ್ ಸೇರಿದರೆ ನಾಕಿಂಗ್ (ಇಂಧನ ಹೊತ್ತಿಗೆ ಮೊದಲೇ ಸಿಡಿದು ಇಂಜಿನ್ ಕುಟ್ಟುವುದು) ಕಮ್ಮಿ, ಒಳಗೆ ತಂಪು, ಪಿಕಪ್ ಜಾಸ್ತಿ. 30ಕ್ಕೇ ಇಷ್ಟು ಮಜಾ ಇದ್ದರೆ ಇನ್ನೂ ಹಾಕಿದರೆ? ಅವತ್ತು ಅರ್ಧ ಟ್ಯಾಂಕಿಗಿಂತ ಚೂರು ಜಾಸ್ತಿಯೇ ಇ85 ಸುರಿದಿದ್ದೆ. ತಪ್ಪು ನನ್ನದೇ.

ಇ85 ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಶೇ. 85 ಎಥನಾಲ್ ಇರಬೇಕು ಅಂತೇನಿಲ್ಲ. ಋತು ನೋಡಿಕೊಂಡು 51ರಿಂದ 83ರ ತನಕ ಎಷ್ಟಾದರೂ ಇರಬಹುದು. ಚಳಿಗಾಲದಲ್ಲಿ ಇಂಜಿನ್ ಸ್ಟಾರ್ಟ್ ಆಗಲಿ ಅಂತ ಪೆಟ್ರೋಲ್ ಜಾಸ್ತಿ ಬೆರೆಸುತ್ತಾರೆ. ನಾನು ಮನೆಯಲ್ಲೇ ಅಳೆಯುತ್ತೇನೆ. 100 ಮಿಲಿಯ ಗಾಜಿನ ಅಳತೆ ಕೊಳವೆ, ಅದರಲ್ಲಿ 50 ಮಿಲಿ ನೀರು, ಗೆರೆ ಕಾಣಲಿ ಅಂತ ಒಂದು ತೊಟ್ಟು ಅಡುಗೆ ಬಣ್ಣ. ಮೇಲೆ 50 ಮಿಲಿ ಇಂಧನ ಹಾಕಿ, ಕುಲುಕಿ, ಹತ್ತು ನಿಮಿಷ ಬಿಡಬೇಕು. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗುತ್ತದೆ. ಬಣ್ಣದ ನೀರು 89ಕ್ಕೆ ಏರಿತ್ತು. ಅಂದರೆ 50ರಲ್ಲಿ 39, ಹೆಚ್ಚುಕಮ್ಮಿ ಶೇ. 78. ಟ್ಯಾಂಕಿನಲ್ಲಿ ಉಳಿದದ್ದು ಶೇ. 10 ಎಥನಾಲ್ ಇರುವ ಮಾಮೂಲಿ ಇ10. ಒಟ್ಟು ಮಿಶ್ರಣ ಶೇ. 46ರ ಹತ್ತಿರ. ಜನವರಿಯಲ್ಲಿ ಅದೇ ಬಂಕಿನ ಇ85 ಅಳೆದಾಗ 58 ಬಂತು!

ಕೋಡ್ ನೋಡಿದವರೆಲ್ಲ ಹೇಳಿದ್ದು ಒಂದೇ: "ಹೈ ಪ್ರೆಶರ್ ಪಂಪ್ ಹೋಗಿದೆ, ಎಥನಾಲ್ ತಿಂದು ಹಾಕಿದೆ." ನಾನೂ ಹೊಸದಕ್ಕೆ ಆರ್ಡರ್ ಹಾಕುವವನಿದ್ದೆ. ಆ ತಿಂಗಳು ಕೈಯಲ್ಲಿ ದುಡ್ಡಿರಲಿಲ್ಲ, ಬಚಾವಾದೆ.

ಯಾಕೆಂದರೆ ಇಂಥ ಕಾರಿನಲ್ಲಿ ಪಂಪು ಎರಡು. ಟ್ಯಾಂಕಿನ ಒಳಗೆ ಕರೆಂಟಿನಲ್ಲಿ ಓಡುವ ಒಂದು. ಅದು 5 ಬಾರ್‌ನಲ್ಲಿ ಇಂಧನವನ್ನು ಮುಂದಕ್ಕೆ ತಳ್ಳುತ್ತದೆ. ಇಂಜಿನ್ ಮೇಲೆ ಇನ್ನೊಂದು, ಅದೇ ಹೈ ಪ್ರೆಶರ್ ಪಂಪು. ಇಂಜಿನ್ ಜೊತೆ ತಿರುಗುವ ಕ್ಯಾಮ್ ಶಾಫ್ಟಿನ ಉಬ್ಬು ಅದರ ಪ್ಲಂಜರನ್ನು, ಅಂದರೆ ಇಂಧನ ಒತ್ತುವ ಪುಟ್ಟ ಕಡ್ಡಿಯನ್ನು, ಕುಟ್ಟಿ ಕುಟ್ಟಿ 200 ಬಾರ್ ಮಾಡುತ್ತದೆ. ಮೊದಲನೆಯದು ಸರಿಯಾಗಿ ಕೊಡದಿದ್ದರೆ ಎರಡನೆಯದು ಬರೀ ಆವಿ ಕುಟ್ಟುತ್ತದೆ. ಹಾಗಾಗಿ ಎರಡೂ ಕಡೆಯ ಒತ್ತಡವನ್ನು ಒಟ್ಟಿಗೆ ಲಾಗ್ ಮಾಡಿದೆ, ಅಂದರೆ ಲ್ಯಾಪ್‌ಟಾಪಿನಲ್ಲಿ ದಾಖಲಿಸಿದೆ. ಟ್ಯಾಂಕಿನ ಕಡೆಯದು 5,000 ದಾಟುತ್ತಲೇ 3 ಬಾರ್‌ಗಿಂತ ಕೆಳಗೆ. ಫಿಲ್ಟರ್ ಬಿಚ್ಚಿ ತಟ್ಟೆಗೆ ಬಗ್ಗಿಸಿದರೆ ಕಾಫಿ ಗಸಿಯಂಥ ಕಪ್ಪು ನೀರು. ಹಳೇ ಟ್ಯಾಂಕಿನಲ್ಲಿ ಎಷ್ಟು ವರ್ಷದಿಂದ ಕೂತಿದ್ದ ಕೊಳೆಯೋ, ಎಥನಾಲ್ ಅದನ್ನೆಲ್ಲ ತೊಳೆದು ತಂದು ಫಿಲ್ಟರಿಗೆ ತುಂಬಿತ್ತು. ಹೊಸ ಫಿಲ್ಟರ್ ಹಾಕಿದೆ. 5,000ದ ಮೇಲಿನ ಕಾಯಿಲೆ ಅಲ್ಲಿಗೆ ವಾಸಿ.

ಆದರೆ ರೇಲಿನ ಒತ್ತಡದ ಗೆರೆ ಈಗಲೂ ಪೂರ್ತಿ ನೆಟ್ಟಗಿರಲಿಲ್ಲ. 3,800ರ ಹತ್ತಿರ, ಟರ್ಬೊ ಪೂರ್ತಿ ಊದುವ ಜಾಗದಲ್ಲಿ, 200 ಇದ್ದದ್ದು 165ಕ್ಕೆ ಇಳಿದು ಮತ್ತೆ ಏರುತ್ತಿತ್ತು. ಹಳೇ ಲಾಗ್ ತೆಗೆದು ನೋಡಿದರೆ ಅಲ್ಲೂ ಈ ಕುಳಿ ಇತ್ತು. ಅವತ್ತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಇದು ನನಗೆ ಅರ್ಥ ಆಗಲು ಎರಡು ರಾತ್ರಿ ಬೇಕಾಯಿತು. ಟ್ಯಾಂಕಿನ ಪಂಪಿನ ವೇಗಕ್ಕೂ ಇಂಜಿನ್ ವೇಗಕ್ಕೂ ಸಂಬಂಧ ಇಲ್ಲ. ನಿಮಿಷಕ್ಕೆ ಬೇಕಾದ ಇಂಧನ ಜಾಸ್ತಿಯಾದ ಹಾಗೆ, ಅಂದರೆ ಮೇಲಿನ ಆರ್‌ಪಿಎಂನಲ್ಲಿ, ಅದು ಸೋಲುತ್ತದೆ. ಹೈ ಪ್ರೆಶರ್ ಪಂಪು ಹಾಗಲ್ಲ. ಇಂಜಿನ್ ಜೋರಾಗಿ ತಿರುಗಿದರೆ ಅದೂ ಜೋರಾಗಿ ಕುಟ್ಟುತ್ತದೆ. ಅದಕ್ಕೆ ಕಷ್ಟ ಆಗುವುದು ಒಂದೊಂದು ಸುತ್ತಿಗೂ ಜಾಸ್ತಿ ಇಂಧನ ಕೇಳಿದಾಗ. ಅಂದರೆ ಟಾರ್ಕ್ (ಇಂಜಿನ್ ತಿರುಗಿಸುವ ಬಲ) ತುದಿಯಲ್ಲಿರುವಾಗ, ನಡುವಿನ ಆರ್‌ಪಿಎಂನಲ್ಲಿ. ಇದೊಂದು ಗೊತ್ತಿದ್ದರೆ ಸುಮ್ನೆ ಪಂಪಿಗೆ ದುಡ್ಡು ಸುರಿಯುವುದು ಎಷ್ಟೋ ತಪ್ಪುತ್ತದೆ.

ಲೆಕ್ಕ ಹಾಕಿದೆ. ಪ್ಲಂಜರ್ 8 ಮಿ.ಮೀ. ದಪ್ಪ, ಕ್ಯಾಮ್ ಅದನ್ನು ಎತ್ತುವುದು 3.5 ಮಿ.ಮೀ., ಉಬ್ಬು ಮೂರು. ಕ್ಯಾಮ್ ಒಂದು ಸುತ್ತು ಬಂದರೆ 0.53 ಸಿಸಿ. ಸೋರಿಕೆ, ವಾಲ್ವ್ ಮುಚ್ಚುವಷ್ಟರಲ್ಲಿ ಹಿಂದಕ್ಕೆ ಹೋಗುವುದು ಎಲ್ಲ ಕಳೆದು 0.43 ಅಂತ ಇಟ್ಟುಕೊಂಡೆ. ನನ್ನ ಇಂಜಿನ್‌ಗೆ 280 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ ಅದೇ ಒಂದು ಸುತ್ತಿಗೆ ಇ10 ಆದರೆ ಸುಮಾರು 0.39 ಸಿಸಿ ಸಾಕು. ಶೇ. 30 ಎಥನಾಲ್‌ಗೆ 0.42 ಬೇಕು. ಶೇ. 46ಕ್ಕೆ 0.45. ನಿಜವಾದ ಶೇ. 85 ಆದರೆ 0.54! ಪೆಟ್ರೋಲ್ ಒಂದು ಕೆ.ಜಿ.ಗೆ 14.7 ಕೆ.ಜಿ. ಗಾಳಿ ಕೇಳುತ್ತದೆ, ಎಥನಾಲ್ ಬರೀ 9. ಅಷ್ಟೇ ಗಾಳಿಗೆ ಜಾಸ್ತಿ ದ್ರವ ಸುರಿಯಲೇಬೇಕು. ಪಂಪು ಕೆಟ್ಟಿರಲಿಲ್ಲ. ಅದರ ಹೊಟ್ಟೆಯೇ ಅಷ್ಟು.

30ಕ್ಕೆ ಇಳಿದೆ. ಗೆರೆ ನೆಟ್ಟಗಾಯಿತು.

ಪಂಪು ನಿಜವಾಗಿ ಕೆಟ್ಟದ್ದು ಎಂಟು ತಿಂಗಳಾದ ಮೇಲೆ, ಸದ್ದೇ ಇಲ್ಲದೆ. ಆಯಿಲ್ ಡಿಪ್‌ಸ್ಟಿಕ್ ಎಳೆದರೆ ಮಟ್ಟ ಮೇಲಿನ ಗುರುತಿಗಿಂತ ಬೆರಳಗಲ ಮೇಲೆ. ಆಯಿಲ್ ಕಮ್ಮಿಯಾಗುವುದು ಗೊತ್ತು, ಜಾಸ್ತಿಯಾಗುವುದೆಂದರೇನು? ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಚಳಿಯಲ್ಲಿ ಅಂಗಡಿಗೆ, ಶಾಲೆಗೆ ಅಂತ ಚಿಕ್ಕ ಚಿಕ್ಕ ಓಡಾಟ ಮಾಡಿದರೂ ಇಂಧನ ಆಯಿಲ್‌ಗೆ ಸೇರುತ್ತದೆ. ಆದರೆ ದೂರ ಓಡಿಸಿದರೆ ಅದು ಆವಿಯಾಗಿ ಇಳಿಯಬೇಕು. 200 ಮೈಲಿ ಓಡಿಸಿ ಬಂದೆ, ಇಳಿಯಲಿಲ್ಲ.

ಪಂಪು ಬಿಚ್ಚಿದೆ. ಇಂಜಿನ್ ನಿಲ್ಲಿಸಿದ ಕೂಡಲೇ ಆ ಪೈಪಿಗೆ ಸ್ಪ್ಯಾನರ್ ಹಾಕಬೇಡಿ. ಆ ಒತ್ತಡ ಚರ್ಮ ತೂರಿ ಒಳಗೆ ಹೋಗುವಂಥದ್ದು. ನಾನು ಟ್ಯಾಂಕ್ ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಟ್ಟೆ ಸುತ್ತಿ ಸಡಿಲ ಮಾಡಿದೆ. ಮೂರು ಸ್ಕ್ರೂಗಳನ್ನು ಸರದಿಯಲ್ಲಿ ಕಾಲು ಕಾಲು ಸುತ್ತು ಬಿಚ್ಚಬೇಕು. ಒಳಗೆ ಸ್ಪ್ರಿಂಗ್ ಒತ್ತುತ್ತಿರುತ್ತದೆ, ಒಂದನ್ನೇ ಪೂರ್ತಿ ಬಿಚ್ಚಿದರೆ ಪಂಪು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊರಗೆ ಬಂದ ಪ್ಲಂಜರಿನಲ್ಲಿ ಉಗುರಿಗೆ ತಾಗುವಂಥ ಒಂದು ಉದ್ದ ಗೀರು. ಅದರ ಕೆಳಗಿನ ಸೀಲಿನ ಅಂಚು ಸವೆದು ನುಣುಪಾಗಿತ್ತು. ಇಂಧನ ಅಲ್ಲಿಂದಲೇ ಆಯಿಲ್‌ಗೆ ಇಳಿಯುತ್ತಿದ್ದದ್ದು. ಎಥನಾಲ್ ನೀರು ಹೀರುತ್ತದೆ, ಅದರ ಪಾಲೂ ಇರಬಹುದು. ಆದರೆ ಕೊಳೆ ಫಿಲ್ಟರಿನಲ್ಲೇ ಓಡಿಸಿ, ಪಂಪನ್ನು ಒಣಗಂಟಲಲ್ಲಿ ದುಡಿಸಿದ್ದು ನಾನೇ ಅಲ್ವಾ? ಗೀರಿನಲ್ಲಿ ಯಾರ ಪಾಲು ಎಷ್ಟು ಅಂತ ಹೇಳಲಾರೆ.

9 ಮಿ.ಮೀ. ಪ್ಲಂಜರಿನ ಪಂಪು ಹಾಕಿಬಿಡೋಣ ಅನ್ನಿಸಿತು. ಲೆಕ್ಕದಲ್ಲಿ 0.54 ಸಿಸಿ, ಇ85ಕ್ಕೂ ಅಲ್ಲಿಂದಲ್ಲಿಗೆ ಸಾಲುತ್ತದೆ. ಆದರೆ 200 ಬಾರ್‌ನಲ್ಲಿ 8 ಮಿ.ಮೀ. ಪ್ಲಂಜರ್ ಕ್ಯಾಮ್ ಮೇಲೆ ಹಾಕುವ ಭಾರ ಸುಮಾರು 100 ಕೆ.ಜಿ., 9 ಮಿ.ಮೀ. ಹಾಕುವುದು 130. ಕ್ಯಾಮಿಗೂ ಪ್ಲಂಜರಿಗೂ ನಡುವೆ ನನ್ನ ಇಂಜಿನ್‌ನಲ್ಲಿ ಇರುವುದು ಬಟ್ಟಲಿನಂಥ ಒಂದು ಚಿಕ್ಕ ಫಾಲೋವರ್. ಅದರ ಕಪ್ಪು ಲೇಪನ ಆಗಲೇ ನಡುವಿನಲ್ಲಿ ಎಂಟಾಣೆಯಷ್ಟು ಅಗಲ ಸವೆದು ಬೆಳ್ಳಗಾಗಿತ್ತು. ಅದು ತೂತಾದರೆ ಪಂಪಿನ ಜೊತೆ ಕ್ಯಾಮೂ ಹೋಗುತ್ತದೆ. ಅಷ್ಟು ಆಸೆ ಬೇಡ ಅಂತ 8ರದ್ದೇ ಹೊಸ ಪಂಪು, ಹೊಸ ಫಾಲೋವರ್ ಹಾಕಿದೆ. ಆಯಿಲ್ ಬದಲಾಯಿಸಿದೆ.

ಮೊನ್ನೆ ಬೆಂಗಳೂರಿನಿಂದ ಬಾಮೈದನ ಫೋನು. "ಭಾವ, ಇಲ್ಲಿ ಎಲ್ಲಾ ಬಂಕಲ್ಲೂ ಇ20 ಆಗೋಯ್ತು. ನಂದೂ ಟರ್ಬೊ ಕಾರು. ನಿಮ್ಮ ಥರ ಪಂಪ್ ಹೋಗುತ್ತಾ?"

"ಇ10ಗಿಂತ ನೂರಕ್ಕೆ ನಾಲ್ಕು ಪಾಲು ಜಾಸ್ತಿ ಕುಡಿಯುತ್ತೆ, ಅಷ್ಟೇ ಕಣೋ. ಕಂಪನಿ ಟ್ಯೂನ್‌ನಲ್ಲೇ ಇದ್ರೆ ಪಂಪಿಗೆ ಅದು ಭಾರ ಅಲ್ಲ. ಸೀಲು, ಪೈಪು ಇ20 ತಡೆಯುತ್ತಾ ಅನ್ನೋದು ಬೇರೆ ಪ್ರಶ್ನೆ. ಮ್ಯಾನುಯಲ್‌ನಲ್ಲಿ ನೋಡು."

"ಮ್ಯಾನುಯಲ್ ಎಲ್ಲಿದೆಯೋ! ಟ್ಯೂನ್ ಅಂದ್ರಲ್ಲ ಭಾವ, ಅದು ಎಷ್ಟಾಗುತ್ತೆ?"

ಮೊದಲು ಡಿಪ್‌ಸ್ಟಿಕ್ ಎಳೆದು ಒಂದು ಫೋಟೋ ಕಳಿಸು ಅಂದೆ. ಇನ್ನೂ ಕಳಿಸಿಲ್ಲ.