ಲಾರಿಗಳಿಗೆ ಮುನ್ನೆಚ್ಚರಿಕೆ ಕೊಡುವ ಹೆದ್ದಾರಿ ಕಂಬವನ್ನು ಅಳವಡಿಸುವುದು ಹೇಗೆ

ಮುಂದೆ ಕೆಟ್ಟು ನಿಂತ ವಾಹನವಿದೆ ಎಂದು ರಸ್ತೆಬದಿಯ ರೇಡಿಯೊ ಘಟಕವೇ ಲಾರಿಗೆ ತಿಳಿಸಬೇಕಾದರೆ, ಮೊದಲು ಲೆಕ್ಕ ಹಾಕಬೇಕಾದ್ದು ತುಂಬಿದ ಲಾರಿ ನಿಲ್ಲಲು ಬೇಕಾದ ದೂರ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಚಾಲಕ ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 60 ಮೀಟರ್ ದಾಟಿರುತ್ತದೆ. ಆಮೇಲೆ ಸರಕು ಜರುಗದಂತೆ ಹದವಾಗಿ, ಸೆಕೆಂಡಿಗೆ 1 ಮೀಟರ್‌ನಷ್ಟು ವೇಗ ಇಳಿಸುತ್ತಾ ಹೋದರೆ ಇನ್ನೂ 310 ಮೀಟರ್ ಬೇಕು. ಇಳಿಜಾರು, ಮಳೆ ಸೇರಿದರೆ ಇನ್ನೂ ಹೆಚ್ಚು. ಹಾಗಾಗಿ ಅಪಾಯದ ಜಾಗಕ್ಕೆ ಕನಿಷ್ಠ 500 ಮೀಟರ್ ಮೊದಲೇ ಸಂದೇಶ ತಲುಪಬೇಕು. ಒಂದೇ ಕಂಬಕ್ಕೆ ಅದು ಆಗದಿದ್ದರೆ ಹಿಂದೆ ಇನ್ನೊಂದು ನೆಟ್ಟು ಫೈಬರ್‌ನಿಂದ ಜೋಡಿಸಿ.

ಆಂಟೆನಾ 6ರಿಂದ 8 ಮೀಟರ್ ಎತ್ತರದಲ್ಲಿರಲಿ. ಈ ಘಟಕ ಬಳಸುವ 5.9 ಗಿಗಾಹರ್ಟ್ಸ್ ರೇಡಿಯೊ ತರಂಗ ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುವುದು ಕಡಿಮೆ. ಸುಮಾರು 4 ಮೀಟರ್ ಎತ್ತರದ ಕಂಟೇನರ್ ನಡುವೆ ಬಂದರೆ ಅದರ ಹಿಂದಿನ ವಾಹನಕ್ಕೆ ಸಿಗ್ನಲ್ ಕುಗ್ಗುತ್ತದೆ. ತಿರುವಿನಲ್ಲಿ ಹೊರಬದಿಯ ಕಂಬಕ್ಕೆ ಸಾಮಾನ್ಯವಾಗಿ ಎರಡೂ ಕಡೆಯ ರಸ್ತೆ ಕಾಣುತ್ತದೆ. ಲಾರಿಯ ಮೇಲೂ ಎಡ, ಬಲ ಎರಡು ಆಂಟೆನಾ ಬೇಕು, ಇಲ್ಲವಾದರೆ ಅದರ ಟ್ರೈಲರ್ರೇ ಹಿಂದಿನ ಸಿಗ್ನಲ್ಲಿಗೆ ಗೋಡೆಯಾಗುತ್ತದೆ.

ರೇಡಿಯೊ ಘಟಕವನ್ನು ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಉದ್ದದ ಆಂಟೆನಾ ಕೇಬಲ್ ಎಳೆಯಲೇಬೇಡಿ. ಈ ಆವರ್ತನದಲ್ಲಿ ಒಳ್ಳೆಯ ದಪ್ಪ ಕೇಬಲ್ ಕೂಡ 8–9 ಮೀಟರಿಗೆ ಅರ್ಧ ಶಕ್ತಿ ತಿಂದುಹಾಕುತ್ತದೆ. ಘಟಕವನ್ನೇ ಮೇಲೆ ಕೂರಿಸಿ, ಕರೆಂಟ್ ಮತ್ತು ಡೇಟಾ ಎರಡನ್ನೂ ಒಂದೇ ಈಥರ್ನೆಟ್ ಕೇಬಲ್ಲಿನಲ್ಲಿ ಕಳಿಸಿ. ಅದರ ಮಿತಿ 100 ಮೀಟರ್. ಸಿಡಿಲಿನ ರಕ್ಷಣೆಗೆ ಕೇಬಲ್ಲಿನ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ಥಿಂಗ್ ಕೊಡಿ.

ಕೆಟ್ಟು ನಿಂತ ವಾಹನವನ್ನು ಪತ್ತೆಹಚ್ಚಲು ಕಂಬಕ್ಕೆ ರೇಡಾರ್ ಬೇಕು. ಆದರೆ ಚಲನೆಯನ್ನೇ ನಂಬಿದ ರೇಡಾರ್, ನಿಂತ ವಾಹನವನ್ನು ರಸ್ತೆಯ ಭಾಗವೆಂದು ಅಳಿಸಿಬಿಡುತ್ತದೆ. ಚಲಿಸುತ್ತಿದ್ದಾಗ ಹಿಡಿದ ಗುರುತನ್ನು, ವಾಹನ ನಿಂತ ಮೇಲೂ ಉಳಿಸಿಕೊಳ್ಳುವಂಥದ್ದನ್ನೇ ಆರಿಸಿ. ಖಚಿತಪಡಿಸಲು ಜೊತೆಗೊಂದು ಕ್ಯಾಮೆರಾ ಇರಲಿ. ಮಂಜಿನಲ್ಲಿ ಕ್ಯಾಮೆರಾ ಕುರುಡಾದಾಗ ರೇಡಾರ್ ಒಂದೇ ತೀರ್ಮಾನಿಸುವಂತೆ, ಆದರೆ ಕೆಲವು ಸೆಕೆಂಡ್ ಹೆಚ್ಚು ಕಾಯುವಂತೆ ಹೊಂದಿಸಿ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಸಂದೇಶದ ಒಳಗಿನ ವಿವರಗಳಿಗೆ. ಲೇನ್ ಯಾವುದು, ಯಾವ ದಿಕ್ಕಿಗೆ ಹೋಗುವವರಿಗೆ, ಮೇಲ್ಸೇತುವೆಯೋ ಕೆಳರಸ್ತೆಯೋ ಎಂಬುದು ಸ್ಪಷ್ಟವಿಲ್ಲದಿದ್ದರೆ ಎದುರು ರಸ್ತೆಯ ಲಾರಿ ಸುಮ್ಮನೆ ಬ್ರೇಕ್ ಹಾಕುತ್ತದೆ. ಹಿಂದಿನವರಿಗೆ ಅದೇ ಹೊಸ ಅಪಾಯ. ನಾಲ್ಕು ಸಲ ಹೀಗಾದರೆ ಚಾಲಕರು ಎಚ್ಚರಿಕೆಯನ್ನೇ ನಂಬುವುದಿಲ್ಲ.

ಪ್ರತಿ ಸಂದೇಶಕ್ಕೂ, ಅದು ನಿಜವಾದ ಘಟಕದಿಂದಲೇ ಬಂದದ್ದೆಂದು ತೋರಿಸುವ ಡಿಜಿಟಲ್ ಸಹಿ ಇರುತ್ತದೆ. ಘಟಕದ ಗಡಿಯಾರ ಉಪಗ್ರಹ ಸಮಯಕ್ಕೆ ಹೊಂದದಿದ್ದರೆ ಅಥವಾ ಆ ಸಹಿಯ ಹಿಂದಿರುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಲಾರಿ ಸಂದೇಶವನ್ನು ಸದ್ದಿಲ್ಲದೆ ತಿರಸ್ಕರಿಸಬಹುದು. ಆಗಲೂ ಕಂಬದ ಹಸಿರು ದೀಪ ಉರಿಯುತ್ತಲೇ ಇರಬಹುದು. ಆದ್ದರಿಂದ ದೀಪ ನೋಡಿ ಕೆಲಸ ಮುಗಿಯಿತು ಎನ್ನಬೇಡಿ. ಪರೀಕ್ಷಾ ವಾಹನವನ್ನು ಪ್ರತಿ ಲೇನಿನಲ್ಲೂ ಓಡಿಸಿ, ಮೊದಲ ಸಂದೇಶ ಎಲ್ಲಿ ಸಿಕ್ಕಿತು ಎಂದು ದಾಖಲಿಸಿ. ಪಕ್ಕದಲ್ಲಿ ಎತ್ತರದ ಲಾರಿ ಇದ್ದಾಗ ಮತ್ತೊಮ್ಮೆ ಓಡಿಸಿ. ಎದುರು ರಸ್ತೆಯಲ್ಲಿ ಎಚ್ಚರಿಕೆ ಮೊಳಗಬಾರದು.

ಸಂದೇಶದ ಅವಧಿ ಒಂದೆರಡು ನಿಮಿಷಕ್ಕಿಂತ ಹೆಚ್ಚಿರದಿರಲಿ. ವಾಹನ ಅಲ್ಲೇ ಇರುವವರೆಗೂ ನವೀಕರಿಸುತ್ತಿದ್ದರೆ ಸಾಕು. ಆಗ ಸೆನ್ಸರ್ ಕೆಟ್ಟರೂ ಹಳೆಯ ಎಚ್ಚರಿಕೆ ತಾನಾಗಿಯೇ ಅಳಿಯುತ್ತದೆ.