ಹಳೇ ಲಾರಿಯ ಗೇರ್‌ಬಾಕ್ಸ್‌ಗೆ ಯಾವ ಆಯಿಲ್ ಹಾಕಬೇಕು?

ದಾವಣಗೆರೆಯಲ್ಲಿ ಬಿಡಿಭಾಗದ ಅಂಗಡಿಗೆ ಹೋಗಿ ‘ಗೇರ್ ಆಯಿಲ್ ಕೊಡಿ’ ಎಂದರೆ ಮೊದಲು ಬರುವ ಪ್ರಶ್ನೆ ಒಂದೇ: ‘ತೊಂಬತ್ತಾ, ನೂರಾ ನಲವತ್ತಾ?’ ತೊಂಬತ್ತು ಎಂದರೆ ಬಕೆಟ್ ಕೈಗೆ ಬರುತ್ತದೆ. ಅದರಲ್ಲೇ ಗೇರ್‌ಬಾಕ್ಸ್‌ಗೆ ಒಂದಿಷ್ಟು, ಹಿಂದಿನ ಹೌಸಿಂಗ್‌ಗೆ (ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗೂಡಿಗೆ) ಒಂದಿಷ್ಟು ಹಾಕಿ ಗಾಡಿ ಕಳಿಸುವುದು ರೂಢಿ. ಹೌಸಿಂಗ್‌ಗೆ ಅದು ಒಗ್ಗುತ್ತದೆ. ಗೇರ್‌ಬಾಕ್ಸ್‌ಗೆ ಎಷ್ಟೋ ಸಲ ಒಗ್ಗುವುದಿಲ್ಲ. ಕೆಲವು ತಿಂಗಳು ಓಡಿದ ಮೇಲೆ ಮೂರರಿಂದ ಎರಡಕ್ಕೆ ಇಳಿಸುವಾಗ ಗೇರ್ ‘ಕರ್ರ್’ ಎನ್ನತೊಡಗುತ್ತದೆ. ಡ್ರೈವರ್ ಕ್ಲಚ್ ಸರಿಯಿಲ್ಲ ಅನ್ನುತ್ತಾರೆ, ಮಿಸ್ತ್ರಿ ಡ್ರೈವರ್ ಕೈ ಸರಿಯಿಲ್ಲ ಅನ್ನುತ್ತಾರೆ. ಬಕೆಟ್ ಮೇಲಿನ ಸಣ್ಣ ಅಕ್ಷರವನ್ನು ಯಾರೂ ಓದಿರುವುದಿಲ್ಲ.

ಟಾಟಾ 407, 1210, 1613, ಲೇಲ್ಯಾಂಡ್ ಕಾಮೆಟ್‌ನಂಥ ಹಳೇ ಗಾಡಿಗಳು ಇಂದಿಗೂ ಮೆಕ್ಕೆಜೋಳದ ಮೂಟೆ ಹೊತ್ತು ಓಡುವಷ್ಟು ಗಟ್ಟಿ. ಅವುಗಳ ಗೇರ್‌ಬಾಕ್ಸ್ ಬಿಚ್ಚುವ ಖರ್ಚಿನ ಮುಂದೆ ಸರಿಯಾದ ಆಯಿಲ್‌ನ ಬೆಲೆ ಏನೇನೂ ಅಲ್ಲ.

ಬಕೆಟ್ ಮೇಲೆ ಓದಬೇಕಾದ್ದು ಎರಡು

ಮೊದಲನೆಯದು ಎಸ್‌ಎಇ ನಂಬರ್. ಅದು ಆಯಿಲ್ ಎಷ್ಟು ಮಂದ ಎನ್ನುವುದನ್ನಷ್ಟೇ ಹೇಳುತ್ತದೆ. 80ಡಬ್ಲ್ಯು-90 ಎಂದು ಬರೆದಿದ್ದರೆ, ‘ಡಬ್ಲ್ಯು’ ಇರುವ ಭಾಗ ಚಳಿಯ ಲೆಕ್ಕ. 80ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಮೈನಸ್ 26 ಡಿಗ್ರಿಯಲ್ಲಿ, 85ಡಬ್ಲ್ಯುವನ್ನು ಮೈನಸ್ 12ರಲ್ಲಿ. ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ಕೂಡ ಅಂಥ ಚಳಿ ಇಲ್ಲ. ಹಾಗಾಗಿ ನಮ್ಮ ಕಡೆ ಬರೀ 90ಕ್ಕೂ 80ಡಬ್ಲ್ಯು-90ಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮಾಗಿಯ ಬೆಳಗಿನ ಜಾವ ಮೊದಲ ನಾಲ್ಕಾರು ಸಲ ಗೇರ್ ಹಾಕುವಾಗ ಎರಡನೆಯದು ಕೊಂಚ ಹಗುರ ಅನ್ನಿಸುತ್ತದೆ, ಅಷ್ಟೇ. ಎರಡೂ ಸಿಗುವುದಾದರೆ 80ಡಬ್ಲ್ಯು-90 ತಗೊಳ್ಳಿ.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬಾ ಹಳೆಯದು. ಗೇರ್ ಆಯಿಲ್ 90 ಅಂದರೆ ಎಂಜಿನ್ ಆಯಿಲ್ 40ರ ಎರಡು ಪಟ್ಟು ಮಂದ ಎಂದುಕೊಂಡವರೇ ಹೆಚ್ಚು. ಇವೆರಡೂ ಬೇರೆ ಬೇರೆ ಅಳತೆಗೋಲು. 100 ಡಿಗ್ರಿ ಬಿಸಿಯಲ್ಲಿ ಗೇರ್ ಆಯಿಲ್ 90ರ ಮಂದತೆ 13.5ರಿಂದ 18.5 ಸೆಂಟಿಸ್ಟೋಕ್ಸ್ (ಮಂದತೆ ಅಳೆಯುವ ಮಾನ). ಎಂಜಿನ್ ಆಯಿಲ್ 40ರದ್ದು 12.5ರಿಂದ 16.3. ಅಂದರೆ ಹೆಚ್ಚು ಕಡಿಮೆ ಒಂದೇ. ಕೆಲವು ಗೇರ್‌ಬಾಕ್ಸ್‌ಗಳಿಗೆ ಕಂಪನಿಯೇ ಎಂಜಿನ್ ಆಯಿಲ್ ಹಾಕಿ ಎಂದು ಬರೆದಿರುವುದು ಇದೇ ಕಾರಣಕ್ಕೆ. ಅದು ಅಚ್ಚಿನ ತಪ್ಪಲ್ಲ.

ಎರಡನೆಯದು, ಮುಖ್ಯವಾದದ್ದು, ಎಪಿಐ ದರ್ಜೆ: ಜಿಎಲ್-4, ಜಿಎಲ್-5, ಎಂಟಿ-1. ಆಯಿಲ್‌ನಲ್ಲಿ ಯಾವ ಔಷಧ (ಅಡಿಟಿವ್) ಎಷ್ಟು ಬೆರೆಸಿದ್ದಾರೆ, ಅದು ಯಾವ ಕೆಲಸಕ್ಕೆ ಎನ್ನುವುದು ಇದರಿಂದ ಗೊತ್ತಾಗುತ್ತದೆ. ‘ಇಪಿ 90’ ಎನ್ನುವ ಅಂಗಡಿ ಮಾತು ಇಲ್ಲಿ ಸಾಲದು. ಇಪಿ ಅಂದರೆ ವಿಪರೀತ ಒತ್ತಡ ತಡೆಯುವ ಔಷಧ ಇದೆ ಎಂದಷ್ಟೇ ಅರ್ಥ. ಜಿಎಲ್-4 ಕೂಡ ಇಪಿ, ಜಿಎಲ್-5 ಕೂಡ ಇಪಿ.

ಹಿತ್ತಾಳೆ ರಿಂಗ್‌ನ ಕಥೆ

ಹೌಸಿಂಗ್ ಒಳಗಿನ ಕ್ರೌನ್-ಪಿನಿಯನ್ (ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ನೋಡಿ. ಹೈಪಾಯ್ಡ್ ಜೋಡಿಯಲ್ಲಿ ಪಿನಿಯನ್ ಕ್ರೌನ್‌ನ ನಡುಮಧ್ಯಕ್ಕೆ ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದಿರುತ್ತದೆ. ಹಲ್ಲುಗಳು ಉರುಳುವ ಜತೆಗೆ ಒಂದರ ಮೇಲೊಂದು ಉಜ್ಜುತ್ತಾ ಜಾರುತ್ತವೆ. ಭಾರ ಬಿದ್ದಾಗ ನಡುವಿನ ಆಯಿಲ್ ಪದರ ಹರಿದು ಉಕ್ಕಿಗೆ ಉಕ್ಕು ಅಂಟಿಕೊಳ್ಳುತ್ತದೆ. ಅದನ್ನು ತಡೆಯಲು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಬಿಸಿಯಾದ ಕಡೆ ಅವು ಉಕ್ಕಿನ ಮೇಲೆ ತೆಳು ಪೊರೆ ಕಟ್ಟಿ ತಾವು ಸವೆದು ಹಲ್ಲನ್ನು ಉಳಿಸುತ್ತವೆ. ಜಿಎಲ್-5ರಲ್ಲಿ ಈ ಔಷಧ ಜಿಎಲ್-4ರ ಸುಮಾರು ಎರಡು ಪಟ್ಟು.

ಗೇರ್‌ಬಾಕ್ಸ್‌ನ ಹಲ್ಲುಗಳಲ್ಲಿ ಅಷ್ಟು ಜಾರಾಟ ಇಲ್ಲ, ಅಷ್ಟು ಔಷಧ ಬೇಕಿಲ್ಲ. ಅಲ್ಲಿರುವುದು ಬೇರೆಯೇ ಒಂದು ಸೂಕ್ಷ್ಮ ಭಾಗ: ಸಿಂಕ್ರೊನೈಸರ್‌ನ ಹಿತ್ತಾಳೆ ರಿಂಗ್. ಗೇರ್ ಬದಲಿಸುವಾಗ ಈ ರಿಂಗ್ ಎದುರಿನ ಉಕ್ಕಿನ ಕೋನ್ ಮೇಲೆ ಒತ್ತಿ, ಕ್ಷಣಕಾಲ ಬ್ರೇಕ್‌ನಂತೆ ಹಿಡಿದು, ಎರಡರ ವೇಗವನ್ನೂ ಸಮ ಮಾಡುತ್ತದೆ. ಆಮೇಲೆ ಗೇರನ್ನು ಶಾಫ್ಟ್‌ಗೆ ಜೋಡಿಸುವ ಸ್ಲೀವ್ ಸದ್ದಿಲ್ಲದೆ ಒಳಗೆ ಕೂರುತ್ತದೆ. ಬ್ರೇಕ್ ಅಂದ ಮೇಲೆ ಹಿಡಿತ ಬೇಕು. ರಿಂಗ್ ಮೇಲಿನ ಸಣ್ಣ ಗೆರೆಗಳು ಆಯಿಲನ್ನು ಹಿಂಡಿ ಆಚೆ ತಳ್ಳುವುದೇ ಆ ಹಿಡಿತಕ್ಕಾಗಿ. ಜಿಎಲ್-5 ಹಾಕಿದಾಗ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಆಯಿಲ್ ಅತಿಯಾಗಿ ಜಾರುವುದರಿಂದ ರಿಂಗ್ ಹಿಡಿಯುವುದಿಲ್ಲ, ವೇಗ ಸಮವಾಗುವ ಮೊದಲೇ ಹಲ್ಲಿಗೆ ಹಲ್ಲು ಬಡಿಯುತ್ತದೆ. ಇನ್ನೊಂದು, ಗಂಧಕ ಹಿತ್ತಾಳೆಯಲ್ಲಿರುವ ತಾಮ್ರದ ಜತೆ ಸೇರಿ ಕಪ್ಪು ಪೊರೆ ಕಟ್ಟುತ್ತದೆ. ಉಜ್ಜಿದಾಗ ಪೊರೆ ಕಿತ್ತುಬರುತ್ತದೆ, ಬರುವಾಗ ಅಡಿಯ ಮೆದು ಹಿತ್ತಾಳೆಯನ್ನೂ ಒಂದಿಷ್ಟು ಎತ್ತಿಕೊಂಡು ಬರುತ್ತದೆ. ಹೀಗೆ ಗೆರೆಗಳು ಅಳಿದು ರಿಂಗ್ ನುಣ್ಣಗಾಗುತ್ತದೆ.

‘ಐದು ನಾಲ್ಕಕ್ಕಿಂತ ದೊಡ್ಡದು, ಒಳ್ಳೆಯದೇ ತಾನೇ’ ಎನ್ನುವ ವಾದ ಅರ್ಧ ಸತ್ಯ. ಹಲ್ಲು ಕಾಯುವ ವಿಷಯದಲ್ಲಿ ನಿಜ, ಹಿತ್ತಾಳೆಯ ವಿಷಯದಲ್ಲಿ ಅಲ್ಲ. ಈಚಿನ ಕೆಲವು ಜಿಎಲ್-5 ಆಯಿಲ್‌ಗಳು ತಾಮ್ರವನ್ನು ಮೊದಲಿನಷ್ಟು ತಿನ್ನುವುದಿಲ್ಲ. ಆದರೂ ಜಾರುವ ಗುಣ ಉಳಿದೇ ಇರುತ್ತದೆ. ಗಬ್ಬು ವಾಸನೆ ನೋಡಿ ದರ್ಜೆ ಹೇಳುತ್ತೇನೆ ಎನ್ನುವವರನ್ನೂ ನಂಬಬೇಡಿ, ಎರಡಕ್ಕೂ ಆ ವಾಸನೆ ಇರುತ್ತದೆ.

ಮೊದಲ ಹೆಜ್ಜೆ: ಬಾಕ್ಸ್ ಯಾವುದು ಗುರುತಿಸಿ

ಗಾಡಿಯ ಪುಸ್ತಕ ಇದ್ದರೆ ಅದರ ಮಾತೇ ಕೊನೆ. ಪುಸ್ತಕ ಕಳೆದಿದ್ದರೆ ಗೇರ್‌ಬಾಕ್ಸ್ ಮೈಮೇಲಿನ ತಗಡಿನ ಪ್ಲೇಟ್ ಒರೆಸಿ ನೋಡಿ, ಮಾದರಿಯ ಹೆಸರು ಅಲ್ಲಿರುತ್ತದೆ. ಹಳೇ ಗಾಡಿಗಳಿಗೆ ಬೇರೆ ಮಾದರಿಯ ಬಾಕ್ಸ್ ಕೂರಿಸಿರುವುದು ಸಾಮಾನ್ಯ. ಆದ್ದರಿಂದ ಆರ್‌ಸಿ ನೋಡಿ ಆಯಿಲ್ ಕೊಳ್ಳಬೇಡಿ, ಪ್ಲೇಟ್ ನೋಡಿ ಕೊಳ್ಳಿ.

ಸಿಂಕ್ರೊಮೆಷ್ (ಸಿಂಕ್ರೊನೈಸರ್ ಇರುವ) ಬಾಕ್ಸ್ ಆಗಿದ್ದರೆ, ಪುಸ್ತಕ ಬೇರೆ ಹೇಳದ ಹೊರತು, ಜಿಎಲ್-4 ದರ್ಜೆಯ 80ಡಬ್ಲ್ಯು-90 ಅಥವಾ 90. ಡಬಲ್ ಕ್ಲಚ್ ಹೊಡೆದೇ (ಎರಡು ಸಲ ಕ್ಲಚ್ ತುಳಿದೇ) ಗೇರ್ ಇಳಿಸಬೇಕಾದ ಹಳೇ ಕಾನ್‌ಸ್ಟಂಟ್ ಮೆಷ್ ಬಾಕ್ಸ್ ಆಗಿದ್ದರೆ ಸಿಂಕ್ರೊ ರಿಂಗ್ ಇರುವುದಿಲ್ಲ. ಆದರೂ ಬುಷ್, ಥ್ರಸ್ಟ್ ವಾಷರ್‌ಗಳು ಕಂಚಿನವಾಗಿರಬಹುದು. ಅದಕ್ಕೂ ಜಿಎಲ್-4 ಕ್ಷೇಮ. ಎಂಟಿ-1 ದರ್ಜೆ ಹುಟ್ಟಿದ್ದೇ ಬಸ್ಸು ಮತ್ತು ಭಾರೀ ಲಾರಿಗಳ ಸಿಂಕ್ರೊ ಇಲ್ಲದ ಇಂಥ ಬಾಕ್ಸ್‌ಗಳಿಗಾಗಿ. ಈಟನ್ ಫುಲ್ಲರ್ ಬಾಕ್ಸ್‌ಗಳ ಪುಸ್ತಕದಲ್ಲಿ 40 ಅಥವಾ 50 ನಂಬರಿನ ಹೆವಿ ಡ್ಯೂಟಿ ಎಂಜಿನ್ ಆಯಿಲ್ ಇರುತ್ತದೆ. ಹಾಗಿದ್ದಲ್ಲಿ ಅದನ್ನೇ ಹಾಕಿ. ಕೆಲವು ಬಾಕ್ಸ್‌ಗಳಲ್ಲಿ ರಿಂಗ್ ಹಿತ್ತಾಳೆಯದಲ್ಲ, ಮಾಲಿಬ್ಡಿನಂ ಬಳಿದ ಉಕ್ಕಿನದು. ಅವುಗಳ ಆಯಿಲ್ ಪಟ್ಟಿಯೇ ಬೇರೆ.

ಹೌಸಿಂಗ್‌ಗೆ ಬೇಕಾದ ಜಿಎಲ್-5 ಪ್ರತ್ಯೇಕವಾಗಿ ತನ್ನಿ. ಎರಡು ಬಕೆಟ್ ಎರಡು ಕಡೆ ಇಡಿ, ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆಯಿರಿ. ಬ್ಯಾರಲ್‌ನಿಂದ ಅಳೆದು ಕೊಡುವ ಲೂಸ್ ಆಯಿಲ್ ಎಷ್ಟೇ ಅಗ್ಗವಾದರೂ ಬೇಡ, ಅದರ ದರ್ಜೆಗೆ ಯಾರೂ ಹೊಣೆಯಲ್ಲ.

140 ಹಾಕಿ ಸದ್ದು ಅಡಗಿಸುವುದು

ಸವೆದ ಬೇರಿಂಗ್ ಗುಂಯ್‌ಗುಡುತ್ತದೆ ಎಂದು 140 ಸುರಿಯುವುದು ನಮ್ಮಲ್ಲಿ ದೊಡ್ಡ ಚಾಳಿ. ಗಾಡಿ ಮಾರುವ ಮುಂಚೆಯಂತೂ ಹೆಚ್ಚು. ಮಂದ ಆಯಿಲ್ ಸದ್ದನ್ನು ಮುಚ್ಚುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ಮೇನ್ ಶಾಫ್ಟ್ ಮೇಲಿನ ಗೇರ್‌ಗಳ ಒಳಗೆ ಸೂಜಿ ಬೇರಿಂಗ್‌ಗಳಿದ್ದರೆ, ಆ ಕಿರಿದಾದ ಸಂದಿಗೆ ತಣ್ಣಗಿನ 140 ಬೇಗ ಇಳಿಯುವುದಿಲ್ಲ. ಸಿಂಕ್ರೊ ರಿಂಗ್ ಕೂಡ ಮಂದ ಆಯಿಲನ್ನು ಹಿಂಡಿ ತೆಗೆಯಲು ತಡ ಮಾಡುತ್ತದೆ, ಬೆಳಿಗ್ಗೆ ಲಿವರ್ ಜಗ್ಗಿದರೂ ಬಾರದು. ಏಪ್ರಿಲ್ ಬಿಸಿಲಿಗೂ 90 ಸಾಕು. ಹಳೇ ಗಾಡಿ ಕೊಳ್ಳುವವರು ಫಿಲ್ಲರ್ ನಟ್ ಬಿಚ್ಚಿ ಬೆರಳಿಗೆ ಆಯಿಲ್ ಹಚ್ಚಿ ನೋಡುವುದು ಒಳ್ಳೆಯದು. ಜೇನಿನಂತೆ ಎಳೆ ಎಳೆಯಾಗಿ ಬಂದರೆ ಕಾರಣ ಕೇಳಿ.

ಬದಲಿಸುವ ಕ್ರಮ

ಗಾಡಿಯನ್ನು 15–20 ಕಿಲೋಮೀಟರ್ ಓಡಿಸಿ ತನ್ನಿ. ಆಯಿಲ್ ಬಿಸಿಯಾಗಿ ತೆಳುವಾದರೆ ತಳದ ಕೆಸರೂ ಜತೆಗೇ ಇಳಿಯುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಡಿ. ಹತ್ತು ನಿಮಿಷ ಬಿಡಿ, ಕೈ ಸುಟ್ಟುಕೊಳ್ಳಬಾರದು.

ಮೊದಲು ಬಿಚ್ಚಬೇಕಾದ್ದು ಪಕ್ಕದ ಫಿಲ್ಲರ್ ನಟ್, ಕೆಳಗಿನ ಡ್ರೈನ್ ನಟ್ ಅಲ್ಲ. ಆಯಿಲ್ ಪೂರಾ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಅಲ್ಲೇ ನಿಂತಂತೆ. ಬಿಚ್ಚುವ ಮುನ್ನ ಅದರ ಸುತ್ತಲಿನ ಮಣ್ಣು ಕೆರೆದು ಒರೆಸಿ. ಭೀಮಸಮುದ್ರದ ಕಡೆ ಅದಿರು ಹೊಡೆದ ಗಾಡಿಗಳಲ್ಲಿ ಆ ಕೆಂಪು ದೂಳು ಹೆಪ್ಪುಗಟ್ಟಿರುತ್ತದೆ. ಒಂದು ಚಿಟಿಕೆ ಒಳಗೆ ಬಿದ್ದರೂ ಬೇರಿಂಗ್‌ಗೆ ಉಜ್ಜುಪುಡಿ ಹಾಕಿದ ಹಾಗೆ.

ಡ್ರೈನ್ ನಟ್ ಬಿಚ್ಚಿ ಅರ್ಧ ಗಂಟೆ ಸುರಿಯಲು ಬಿಡಿ. ಆ ಹೊತ್ತಿನಲ್ಲಿ ಇಳಿದ ಆಯಿಲನ್ನು ಬಿಸಿಲಲ್ಲಿ ನೋಡಿ. ನಟ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಹತ್ತಿದ್ದರೆ ಸಹಜ ಸವೆತ. ಉಗುರಿನ ಚೂರಿನಂಥ ಉಕ್ಕು ಸಿಕ್ಕರೆ ಹಲ್ಲು ಮುರಿದಿದೆ, ಹೊಸ ಆಯಿಲ್ ಹಾಕುವ ಕೆಲಸ ಅಲ್ಲಿಗೇ ನಿಲ್ಲಿಸಿ. ಅಯಸ್ಕಾಂತಕ್ಕೆ ಅಂಟದ ಬಂಗಾರದ ಬಣ್ಣದ ಮಿನುಗು ಕಂಡರೆ ಅದೇ ಹಿತ್ತಾಳೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಹಳ್ಳ ದಾಟುವಾಗ ಅಥವಾ ಪ್ರೆಷರ್ ನೀರಲ್ಲಿ ತೊಳೆಯುವಾಗ ಬ್ರೀದರ್ ಮೂಲಕ ಹೋಗಿರುತ್ತದೆ.

ಆ ಬ್ರೀದರ್ ಬಗ್ಗೆ ಒಂದು ಮಾತು. ಬಾಕ್ಸ್ ಮೇಲಿನ ಪುಟ್ಟ ಟೋಪಿಯಂಥ ಭಾಗ ಅದು. ದೂಳಿಗೆ ಕಟ್ಟಿಕೊಂಡರೆ ಬಿಸಿಯಾದ ಗಾಳಿಗೆ ದಾರಿ ಇಲ್ಲದೆ ಒತ್ತಡ ಏರಿ, ಆಯಿಲ್ ಸೀಲ್ ಮೂಲಕ ಹೊರಗೆ ಬರುತ್ತದೆ. ಮುಂದಿನ ಸೀಲ್‌ನಲ್ಲಿ ಬಂದರೆ ಕ್ಲಚ್ ಪ್ಲೇಟ್ ಒದ್ದೆ. ಎರಡು ಸಲ ಸೀಲ್ ಬದಲಿಸಿದರೂ ಸೋರುತ್ತಿದೆ ಎನ್ನುವವರು ಬ್ರೀದರ್ ಬಿಚ್ಚಿ ಊದಿ ನೋಡಿ.

ಒಳಗೆ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕಿ ಗಾಡಿ ಓಡಿಸಿ ತೊಳೆಯಬೇಡಿ. ಬೇರಿಂಗ್ ಒಣಗುತ್ತದೆ, ಮೂಲೆಯಲ್ಲಿ ಉಳಿದದ್ದು ಹೊಸ ಆಯಿಲನ್ನೂ ತೆಳು ಮಾಡುತ್ತದೆ. ತೊಳೆಯಲೇಬೇಕಿದ್ದರೆ ಅದೇ ದರ್ಜೆಯ ಆಯಿಲನ್ನೇ ಲೆವೆಲ್‌ವರೆಗೆ ಹಾಕಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಎಂಜಿನನ್ನು ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ, ಇಳಿಸಿ. ಮೊದಲು ಜಿಎಲ್-5 ಇದ್ದ ಬಾಕ್ಸ್‌ಗೂ ಇದೇ ದಾರಿ. ಎರಡೂ ಬೆರೆತರೆ ತಕ್ಷಣ ಅನಾಹುತವೇನೂ ಇಲ್ಲ, ಆದರೆ ಬೆರಕೆಯ ಗುಣ ಯಾರೂ ಹೇಳಲಾರರು.

ಡ್ರೈನ್ ನಟ್‌ಗೆ ಹೊಸ ತಾಮ್ರದ ವಾಷರ್ ಹಾಕಿ ಬಿಗಿ ಮಾಡಿ. ಬಾಕ್ಸ್ ಮೈ ಅಲ್ಯೂಮಿನಿಯಂ ಆಗಿದ್ದರೆ ಪೈಪ್ ತೂರಿಸಿ ಜಗ್ಗಬೇಡಿ, ಥ್ರೆಡ್ ಹೋಗುತ್ತದೆ.

ಎಷ್ಟು ಲೀಟರ್? ಬಾಕ್ಸ್ ನೋಡಿಕೊಂಡು ಮೂರು ಲೀಟರಿನಿಂದ ಹತ್ತರ ಆಚೆಗೂ ಹೋಗಬಹುದು. ಲೀಟರಿನ ಲೆಕ್ಕಕ್ಕಿಂತ ಫಿಲ್ಲರ್ ತೂತಿನ ಕೆಳ ಅಂಚೇ ಅಳತೆ. ಹ್ಯಾಂಡ್ ಪಂಪ್‌ನಲ್ಲಿ ಹಾಕಿ, ಅಂಚಿನಿಂದ ಹನಿ ಇಳಿಯತೊಡಗಿದಾಗ ನಿಲ್ಲಿಸಿ. ಹತ್ತು ನಿಮಿಷ ಕಾದು ಮತ್ತೊಮ್ಮೆ ನೋಡಿ, ಸ್ವಲ್ಪ ಇಳಿದಿರುತ್ತದೆ, ಭರ್ತಿ ಮಾಡಿ. ‘ಬೆರಳು ಬಗ್ಗಿಸಿದರೆ ತಾಗುತ್ತದೆ’ ಎಂಬ ಲೆಕ್ಕ ತಪ್ಪು. ಬೆರಳು ಒಂದಿಂಚು ಕೆಳಗಿಳಿಯುತ್ತದೆ, ದೊಡ್ಡ ಬಾಕ್ಸ್‌ನಲ್ಲಿ ಒಂದಿಂಚು ಅಂದರೆ ಕಡಿಮೆಯೇನಲ್ಲ. ಮುಂದಿನ ಚಕ್ರ ಎತ್ತರದಲ್ಲಿಟ್ಟು ಹೆಚ್ಚಿಗೆ ತುಂಬುವುದೂ ತಪ್ಪು. ಗೇರ್‌ಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆ ಹಲ್ಲನ್ನು ಕಾಯುವುದಿಲ್ಲ.

ಟಿಪ್ಪರ್ ಆಗಿದ್ದರೆ ಇನ್ನೂ ಒಂದು ಎಚ್ಚರ. ಟಿಪ್ಪರ್ ಎತ್ತುವ ಹೈಡ್ರಾಲಿಕ್ ಪಂಪ್‌ಗೆ ಗೇರ್‌ಬಾಕ್ಸ್‌ನಿಂದ ಶಕ್ತಿ ಕೊಡುವ ಪಿಟಿಒ, ಗೇರ್‌ಬಾಕ್ಸ್‌ನ ಆಯಿಲನ್ನೇ ಹಂಚಿಕೊಳ್ಳುತ್ತದೆ. ಹೊಸದಾಗಿ ಕೂರಿಸಿದ್ದರೆ ಸ್ವಲ್ಪ ಓಡಿಸಿ ಮತ್ತೆ ಲೆವೆಲ್ ನೋಡಬೇಕು. ಪಂಪ್ ನೇರವಾಗಿ ಪಿಟಿಒ ಮೇಲೇ ಕೂತಿದ್ದು ಅದರ ಶಾಫ್ಟ್ ಸೀಲ್ ಹೋದರೆ, ಹೈಡ್ರಾಲಿಕ್ ಆಯಿಲ್ ಗೇರ್‌ಬಾಕ್ಸ್‌ಗೆ ಇಳಿಯುತ್ತದೆ. ಹಾಕದೇ ಲೆವೆಲ್ ಏರಿದ್ದರೆ, ಆಯಿಲ್ ತೆಳ್ಳಗಾಗಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗಲಿ.

ಇಳಿಸಿದ ಆಯಿಲನ್ನು ಚರಂಡಿಗೋ ಬಯಲಿಗೋ ಸುರಿಯದೆ ಹಳೇ ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲ್ ಕೊಳ್ಳಲು ಪರವಾನಗಿ ಇರುವವರಿಗೆ ಕೊಡಿ.

ಆಮೇಲೂ ಕರ್ರ್ ಎಂದರೆ

ಸರಿಯಾದ ಆಯಿಲ್ ಹಾಕಿ ಸಾವಿರ ಕಿಲೋಮೀಟರ್ ಓಡಿದ ಮೇಲೂ ಸದ್ದು ಉಳಿದರೆ ಮೊದಲು ಕ್ಲಚ್ ಪರೀಕ್ಷಿಸಿ. ಗಾಡಿ ನಿಂತಿರಲಿ, ಎಂಜಿನ್ ಐಡಲ್‌ನಲ್ಲಿರಲಿ. ಕ್ಲಚ್ ಪೂರಾ ತುಳಿದು ಹತ್ತು ಎಣಿಸಿ ರಿವರ್ಸ್ ಹಾಕಿ. ಹಳೇ ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ, ಕೆಲವದರಲ್ಲಿ ಮೊದಲ ಗೇರ್‌ಗೂ, ಸಿಂಕ್ರೊ ಇರುವುದಿಲ್ಲ. ಹತ್ತು ಎಣಿಸಿದ ಮೇಲೂ ಕಿರುಗುಟ್ಟಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ಆಟ, ಲಿಂಕೇಜ್, ಪ್ಲೇಟ್ ನೋಡಿಸಿ. ರಿವರ್ಸ್ ಸದ್ದಿಲ್ಲದೆ ಬಿದ್ದು, ಓಡುವಾಗ ಒಂದೇ ಒಂದು ಗೇರ್ ಮಾತ್ರ ಕರ್ರ್ ಎಂದರೆ ಆ ಗೇರ್‌ನ ರಿಂಗ್ ಸವೆದಿದೆ. ಇನ್ನು ಆಯಿಲ್ ಬದಲಿಸಿ ಫಲವಿಲ್ಲ, ಬಾಕ್ಸ್ ಇಳಿಸಿ ಹೊಸ ರಿಂಗ್ ಹಾಕಿಸಬೇಕು. ಹಾಗೆ ಕಟ್ಟಿಸಿದ ಬಾಕ್ಸ್‌ನ ಮೊದಲ ಆಯಿಲನ್ನು ಸಾವಿರದಿಂದ ಎರಡು ಸಾವಿರ ಕಿಲೋಮೀಟರ್ ಒಳಗೇ ಇಳಿಸಿಬಿಡಿ. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಪುಡಿಯೆಲ್ಲ ಅದರಲ್ಲೇ ಇರುತ್ತದೆ.