ಇಂಗ್ಲೆಂಡಿನ ಕೋರ್ ಮ್ಯಾಥ್ಸ್: ಎ ಲೆವೆಲ್ ಗಣಿತ ಬೇಡವಾದವರಿಗೆ

ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ (ಹದಿನಾರರ ಹೊತ್ತಿಗೆ ಬರೆಯುವ ಶಾಲಾ ಪರೀಕ್ಷೆ) ಗಣಿತದಲ್ಲಿ ಗ್ರೇಡ್ 4 ಬಂದರೆ, ಹದಿನಾರರ ನಂತರ ಗಣಿತ ಓದಲೇಬೇಕೆಂಬ ಕಟ್ಟುಪಾಡಿಲ್ಲ. ಎಷ್ಟೋ ಮಕ್ಕಳು ಅಲ್ಲಿಗೇ ಕೈಬಿಡುತ್ತಾರೆ. ಮುಂದೆ ಸೈಕಾಲಜಿ, ಭೂಗೋಳ, ಬಿಸಿನೆಸ್ ಡಿಗ್ರಿಗೆ ಸೇರಿದಾಗ ಸಂಖ್ಯಾಶಾಸ್ತ್ರ ಎದುರಾಗಿ ತಡವರಿಸುತ್ತಾರೆ. ಈ ಕೊರತೆ ತುಂಬಲೆಂದೇ 2014ರಲ್ಲಿ ಕೋರ್ ಮ್ಯಾಥ್ಸ್ ಎಂಬ, ಹದಿನಾರರ ನಂತರ ಓದುವ ದಿನಬಳಕೆಯ ಗಣಿತದ ಕೋರ್ಸ್ ಶುರುವಾಯಿತು.

ಇಂಗ್ಲೆಂಡಿನಲ್ಲಿರುವ ಕನ್ನಡ ಪೋಷಕರೇ, ಮಗ ಅಥವಾ ಮಗಳು ಮುಂದೆ ಏನು ಓದಬೇಕೆಂದಿದ್ದಾರೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಎಂಜಿನಿಯರಿಂಗ್, ಫಿಸಿಕ್ಸ್‌ನಂಥ ಕೋರ್ಸ್‌ಗಳು ಎ ಲೆವೆಲ್ (ಹದಿನೆಂಟರ ಹೊತ್ತಿಗೆ ಮುಗಿಸುವ, ನಮ್ಮ ಪಿಯುಸಿ ಹಂತದ ಓದು) ಗಣಿತ ಕೇಳುತ್ತವೆ. ಅದರ ಬದಲಿಗೆ ಕೋರ್ ಮ್ಯಾಥ್ಸ್ ನಡೆಯುವುದಿಲ್ಲ. ಅರ್ಥಶಾಸ್ತ್ರಕ್ಕೂ ಬಹಳ ಕಡೆ ಇದೇ ಷರತ್ತು. ಭಾರತಕ್ಕೆ ಮರಳಿ ಎಂಜಿನಿಯರಿಂಗ್ ಸೇರುವ ಯೋಚನೆಯಿದ್ದರಂತೂ ಈ ದಾರಿ ಹಿಡಿಯಲೇಬೇಡಿ, ಅಲ್ಲಿ ಹನ್ನೆರಡನೇ ತರಗತಿ ಮಟ್ಟದ ಗಣಿತ, ಭೌತಶಾಸ್ತ್ರ ಎರಡೂ ಬೇಕು. ನಮ್ಮ ಪಿಯುಸಿ ಕಾಮರ್ಸ್‌ನ ಬೇಸಿಕ್ ಮ್ಯಾಥ್ಸ್ ಇದ್ದ ಹಾಗೆ ಎಂದೂ ತಿಳಿಯಬೇಡಿ. ಅದರಲ್ಲಿ ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್ ಇವೆ, ಇದರಲ್ಲಿ ಇಲ್ಲ.

ಗಾತ್ರದಲ್ಲಿ ಇದು ಎಎಸ್ ಲೆವೆಲ್‌ನಷ್ಟು, ಅಂದರೆ ಎ ಲೆವೆಲ್‌ನ ಸುಮಾರು ಅರ್ಧ: ಸುಮಾರು 180 ಗಂಟೆಗಳ ಪಾಠ, ಎ ಇಂದ ಇ ವರೆಗೆ ಗ್ರೇಡ್. ಎ ಬಂದರೆ 20 ಯೂಕಾಸ್ (ವಿಶ್ವವಿದ್ಯಾಲಯ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ) ಪಾಯಿಂಟ್, ಇ ಬಂದರೆ 6. ಆದ್ದರಿಂದ ಇದನ್ನು ಮೂರು ಎ ಲೆವೆಲ್‌ಗಳ ಜೊತೆಗೆ ತೆಗೆದುಕೊಳ್ಳಬೇಕೇ ಹೊರತು ಒಂದರ ಬದಲಿಗಲ್ಲ.

ಹೊಸ ಸೂತ್ರಗಳು ಕಡಿಮೆ. ಕಷ್ಟವಿರುವುದು ಲೆಕ್ಕವನ್ನು ಗುರುತಿಸುವುದರಲ್ಲಿ. ಪರೀಕ್ಷೆ ನಡೆಸುವ ಬೋರ್ಡ್‌ಗಳಲ್ಲಿ ಒಂದಾದ ಎಕ್ಯೂಎಯ ಮೊದಲ ಪತ್ರಿಕೆಯಲ್ಲಿ ದತ್ತಾಂಶ ವಿಶ್ಲೇಷಣೆ, ಹಣಕಾಸು ಮತ್ತು ಅಂದಾಜು ಇರುತ್ತವೆ. ಉದಾಹರಣೆಗೆ, ವರ್ಷಕ್ಕೆ 30,000 ಪೌಂಡ್ ಸಂಬಳ ಬರುವವರ ಕೈಗೆ ಎಷ್ಟು ಸಿಗುತ್ತದೆ? 2025–26ರ ದರದಲ್ಲಿ ಮೊದಲ 12,570 ಪೌಂಡ್‌ಗೆ ತೆರಿಗೆಯಿಲ್ಲ. ಉಳಿದ 17,430ಕ್ಕೆ 20 ಶೇಕಡಾ ಆದಾಯ ತೆರಿಗೆ 3,486. ಅದೇ ಮೊತ್ತಕ್ಕೆ 8 ಶೇಕಡಾ ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ ಮೊದಲಾದವಕ್ಕೆ ಸಂಬಳದಿಂದ ಕಡಿಯುವ ಹಣ) 1,394.40. ಕೈಗೆ ಬರುವುದು 25,119.60. ಪೂರ್ತಿ 30,000ಕ್ಕೆ 20 ಶೇಕಡಾ ಹಾಕಿಬಿಡುವುದು ಸುಲಭವಾಗಿ ಆಗುವ ತಪ್ಪು. ಬಡ್ಡಿಯಲ್ಲೂ ಹೀಗೆಯೇ: ತಿಂಗಳಿಗೆ 1 ಶೇಕಡಾ ಎಂದರೆ ವರ್ಷಕ್ಕೆ 12 ಅಲ್ಲ, ಚಕ್ರಬಡ್ಡಿ ಸೇರಿ 12.68.

ಅಂದಾಜಿನ ಪ್ರಶ್ನೆಗಳಲ್ಲಿ ನಮ್ಮ ಮನೆಗಳ ಮಕ್ಕಳು ಅಂಕ ಕಳೆದುಕೊಳ್ಳುವ ಭಯ ಹೆಚ್ಚು, ಏಕೆಂದರೆ ಉತ್ತರ ಒಂದೇ ಸರಿ ಎಂದು ಕಲಿತು ಬಂದಿರುತ್ತಾರೆ. ಒಂದು ಊರಿಗೆ ವಾರಕ್ಕೆ ಎಷ್ಟು ಲೀಟರ್ ಹಾಲು ಬೇಕು ಎಂದು ಕೇಳಿದರೆ, ಜನಸಂಖ್ಯೆ ಇಷ್ಟು, ತಲೆಗೆ ಇಷ್ಟು ಎಂಬ ಊಹೆಗಳನ್ನು ಬರೆದು ತೋರಿಸಬೇಕು. ಬರೆಯದ ಊಹೆಗೆ ಅಂಕ ಸಿಗುವುದಿಲ್ಲ.

ಎಕ್ಯೂಎಯ ಎರಡನೇ ಪತ್ರಿಕೆಗೆ ಮೂರು ಆಯ್ಕೆಗಳಿವೆ. ಸೈಕಾಲಜಿ, ಬಯಾಲಜಿ ಓದುವವರಿಗೆ ಸಂಖ್ಯಾಶಾಸ್ತ್ರದ 2ಎ ಅತ್ಯಂತ ಉಪಯುಕ್ತ: ನಾರ್ಮಲ್ ಹಂಚಿಕೆ (ಗಂಟೆಯಾಕಾರದ ಹರಡುವಿಕೆ), ಕಾನ್ಫಿಡೆನ್ಸ್ ಇಂಟರ್ವಲ್ (ಅಂದಾಜು ಎಷ್ಟರಿಂದ ಎಷ್ಟರೊಳಗಿರಬಹುದು ಎಂಬ ವ್ಯಾಪ್ತಿ), ಕೋರಿಲೇಶನ್ (ಎರಡು ಅಳತೆಗಳ ನಂಟು) ಅದರಲ್ಲಿವೆ. 2ಬಿ ಕೆಲಸಗಳ ಯೋಜನೆ ಮತ್ತು ಅಪಾಯದ ಲೆಕ್ಕ, 2ಸಿ ಗ್ರಾಫ್‌ಗಳು. ಆದರೆ ಬೋರ್ಡನ್ನು ಶಾಲೆಯೇ ಆರಿಸುತ್ತದೆ, ಆಯ್ಕೆಯನ್ನೂ ಸಾಮಾನ್ಯವಾಗಿ ಅದೇ ನಿರ್ಧರಿಸುತ್ತದೆ. ಪರೀಕ್ಷೆಗೆ ಮೊದಲೇ ಬೋರ್ಡ್ ಕೊಡುವ ಪೂರ್ವಸಾಮಗ್ರಿಯನ್ನು (ಪ್ರಶ್ನೆಗಳಿಗೆ ಆಧಾರವಾಗುವ ಮಾಹಿತಿ) ಓದದೆ ಹೋಗುವವರು ಕೊಠಡಿಯಲ್ಲಿ ಸಮಯ ಕಳೆದುಕೊಳ್ಳುತ್ತಾರೆ. ಕ್ಯಾಲ್ಕುಲೇಟರ್ ಎರಡೂ ಪತ್ರಿಕೆಗಳಿಗೆ ಉಂಟು.

ಜಿಸಿಎಸ್‌ಇಯಲ್ಲಿ ಫೌಂಡೇಶನ್ (ಸುಲಭ ಹಂತದ) ಪತ್ರಿಕೆ ಬರೆದ ಮಕ್ಕಳಿಗೆ ಹೈಯರ್ (ಕಠಿಣ) ಹಂತದ ಕೆಲವು ಪಾಠಗಳು ಹೊಸದಾಗಿರುತ್ತವೆ. ಬೇಸಿಗೆ ರಜೆಯಲ್ಲೇ ಹಿಸ್ಟೋಗ್ರಾಮ್ ಮಾಡಿಸಿ, ಚಕ್ರಬಡ್ಡಿ, ಹಿಮ್ಮುಖ ಶೇಕಡಾವಾರು (ಬದಲಾದ ಮೊತ್ತದಿಂದ ಮೂಲ ಮೊತ್ತ ಕಂಡುಹಿಡಿಯುವುದು) ಮತ್ತೊಮ್ಮೆ ಅಭ್ಯಾಸ ಮಾಡಿಸಿ. ಗ್ರೇಡ್ 3 ಬಂದವರು ಮೊದಲು ಜಿಸಿಎಸ್‌ಇ ಮತ್ತೆ ಬರೆಯಬೇಕು.

ಸಿಕ್ಸ್ತ್ ಫಾರ್ಮ್ (ಹದಿನಾರರ ನಂತರದ ಎರಡು ವರ್ಷದ ಶಾಲೆ) ನೋಡಲು ಹೋದಾಗ ಯಾವ ಬೋರ್ಡ್, ಯಾವ ಆಯ್ಕೆ, ಒಂದು ವರ್ಷವೋ ಎರಡೋ ಎಂದು ಕೇಳಿ. ಇಯರ್ 12ರ, ಅಂದರೆ ಸಿಕ್ಸ್ತ್ ಫಾರ್ಮ್‌ನ ಮೊದಲ ವರ್ಷದ, ಕೊನೆಯಲ್ಲೇ ಪರೀಕ್ಷೆ ಮುಗಿದರೆ ಯೂಕಾಸ್ ಅರ್ಜಿ ಹಾಕುವಾಗ ಫಲಿತಾಂಶ ಕೈಯಲ್ಲಿರುತ್ತದೆ. ಸ್ಕಾಟ್ಲೆಂಡಿನಲ್ಲಿರುವವರಿಗೆ ಇದಾವುದೂ ಅನ್ವಯಿಸದು. ಅಲ್ಲಿ ಇದಕ್ಕೆ ಹತ್ತಿರವಾದ ವಿಷಯ ಹೈಯರ್ ಅಪ್ಲಿಕೇಶನ್ಸ್ ಆಫ್ ಮ್ಯಾಥಮ್ಯಾಟಿಕ್ಸ್.